ಯಾವುದು ಓದಿದರೆ ಕೆಲಸ ಸಿಗುತ್ತದೆ? ನಾಲ್ಕು ತಾಲೂಕುಗಳಲ್ಲಿ ವಿಜ್ಞಾನ ಓದಿನ ನೂರು ವರ್ಷ

ಪಿಯುಸಿ ಫಲಿತಾಂಶ ಬಂದ ವಾರ ಚನ್ನಗಿರಿಯ ಝೆರಾಕ್ಸ್ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಸಾಕು, ಒಂದೇ ಪ್ರಶ್ನೆ ಹತ್ತು ಬಾಯಿಗಳಿಂದ ಕೇಳಿಬರುತ್ತದೆ: ‘ಯಾವುದು ತಗೊಂಡ್ರೆ ಕೆಲಸ ಸಿಗುತ್ತೆ?’ ಹೊನ್ನಾಳಿಯಲ್ಲೂ ಇದೇ ಪ್ರಶ್ನೆ, ನ್ಯಾಮತಿಯಲ್ಲೂ ಇದೇ, ಜಗಳೂರಿನಲ್ಲೂ ಇದೇ. ಕೇಳುವವರು ಅಡಿಕೆ ಬೆಳೆಗಾರರಿರಬಹುದು, ಗ್ಯಾರೇಜಿನ ಮಿಸ್ತ್ರಿ ಇರಬಹುದು, ಸಂತೆಯಲ್ಲಿ ಬಟ್ಟೆ ಮಾರುವವರಿರಬಹುದು. ಉತ್ತರ ಹೇಳುವವರು ಮಾತ್ರ ಸಾಮಾನ್ಯವಾಗಿ ಒಬ್ಬರೇ: ಬೆಂಗಳೂರಿನಲ್ಲಿರುವ ಯಾರದೋ ಅಳಿಯ.

ಈ ಪ್ರಶ್ನೆ ಕೇಳುವವರನ್ನು ನಮ್ಮ ಭಾಷಣಕಾರರು ಹಂಗಿಸುವುದುಂಟು. ಜ್ಞಾನಕ್ಕಾಗಿ ಓದಬೇಕು, ಅನ್ನಕ್ಕಾಗಿ ಅಲ್ಲ ಎನ್ನುತ್ತಾರೆ. ನಮಗೆ ಈ ಮಾತು ಒಪ್ಪಿಗೆಯಿಲ್ಲ. ಎರಡೆಕರೆ ಜಮೀನು ಅಡವಿಟ್ಟು ಮಗನನ್ನೋ ಮಗಳನ್ನೋ ಕಾಲೇಜಿಗೆ ಕಳಿಸುವ ತಂದೆಗೆ ಕೆಲಸದ ಲೆಕ್ಕ ಕೇಳುವ ಹಕ್ಕಿದೆ. ಆದರೆ ಈ ಲೆಕ್ಕಕ್ಕೆ ಒಂದು ಚರಿತ್ರೆಯಿದೆ, ಆ ಚರಿತ್ರೆಯನ್ನು ನಾವು ಓದಿಲ್ಲ. ನೂರು ವರ್ಷಗಳಲ್ಲಿ ಪ್ರತಿ ತಲೆಮಾರೂ ಈ ಪ್ರಶ್ನೆ ಕೇಳಿದೆ. ಬಹುತೇಕ ಪ್ರತಿ ತಲೆಮಾರೂ ಆ ಹೊತ್ತಿಗೆ ಕಣ್ಣೆದುರು ಕಾಣುತ್ತಿದ್ದ ಕೆಲಸವನ್ನೇ ಉತ್ತರವೆಂದು ನಂಬಿದೆ.

ಭೂಗೋಳವನ್ನು ಮೊದಲು ಹೇಳಿಬಿಡಬೇಕು. ಇಂದು ದಾವಣಗೆರೆ ಜಿಲ್ಲೆಯಲ್ಲಿರುವ ಈ ನಾಲ್ಕು ತಾಲೂಕುಗಳು 1997ರ ಆಗಸ್ಟ್ 15ರ ತನಕ ಒಂದೇ ಜಿಲ್ಲೆಯವಾಗಿರಲಿಲ್ಲ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ನ್ಯಾಮತಿ ಹೊನ್ನಾಳಿಯ ಒಂದು ಹೋಬಳಿಯಾಗಿತ್ತು, ಪ್ರತ್ಯೇಕ ತಾಲೂಕಾದದ್ದು ತೀರ ಇತ್ತೀಚೆಗೆ, 2018ರಲ್ಲಿ. ಈ ನಾಲ್ಕು ಪಟ್ಟಣಗಳಲ್ಲಿ ಯಾವುದಕ್ಕೂ ರೈಲು ನಿಲ್ದಾಣವಿಲ್ಲ. ಹಾಗಾಗಿ ಓದು ಎಂದರೆ ಬಸ್ಸು, ಬಸ್ಸು ಎಂದರೆ ದಿಕ್ಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಹುಡುಗರು ಶಿವಮೊಗ್ಗದ ಕಡೆ ಮುಖ ಮಾಡಿದರು, ಜಗಳೂರಿನವರು ದುರ್ಗದ ಕಡೆ. ದಾವಣಗೆರೆ ಎರಡೂ ಕಡೆಯವರನ್ನು ಸೆಳೆಯತೊಡಗಿದ್ದು ಆಮೇಲೆ.

ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಹೋದರೆ ಮೈಸೂರು ಸಂಸ್ಥಾನದಲ್ಲಿ ಎಂಜಿನಿಯರ್ ಆಗಬೇಕಾದವನು ಸಂಸ್ಥಾನವನ್ನೇ ಬಿಟ್ಟು ಹೋಗಬೇಕಿತ್ತು. ಎಂ. ವಿಶ್ವೇಶ್ವರಯ್ಯನವರೇ ಇದಕ್ಕೆ ಉದಾಹರಣೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಸಿ, ಮಕ್ಕಳಿಗೆ ಮನೆಪಾಠ ಹೇಳಿ ದಿನ ದೂಡಿ, ಸರ್ಕಾರದ ವಿದ್ಯಾರ್ಥಿ ವೇತನದಿಂದ ಅವರು ಪುಣೆಯ ವಿಜ್ಞಾನ ಕಾಲೇಜಿಗೆ ಹೋದರು. 1912ರಲ್ಲಿ ದಿವಾನರಾದ ಮೇಲೆ ಈ ಪ್ರಯಾಣವನ್ನು ತಪ್ಪಿಸಲು ಅವರು ಮಾಡಿದ ಕೆಲಸಗಳು ಪ್ರಸಿದ್ಧವೇ: 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು. ವೈದ್ಯಕೀಯ ಕಾಲೇಜು ಬಂದದ್ದು 1924ರಲ್ಲಿ, ಅವರು ಅಧಿಕಾರ ಬಿಟ್ಟ ಮೇಲೆ.

ಆದರೆ ಕಾಲೇಜು ತೆರೆದ ಮಾತ್ರಕ್ಕೆ ಬಾಗಿಲು ಎಲ್ಲರಿಗೂ ತೆರೆಯಲಿಲ್ಲ. ಸಂಸ್ಥಾನದ ಹುದ್ದೆಗಳೆಲ್ಲ ಒಂದೇ ಸಮುದಾಯದ ಕೈಯಲ್ಲಿವೆ ಎಂದು ಒಕ್ಕಲಿಗ, ಲಿಂಗಾಯತ, ಮುಸ್ಲಿಂ ಮುಖಂಡರು ಮಹಾರಾಜರಿಗೆ ದೂರು ಸಲ್ಲಿಸಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧ, ಕೆಳದರ್ಜೆಯ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದ ಸಮುದಾಯಗಳಿಗೆ ದೊರೆಯಬೇಕೆಂದು ಆ ಸಮಿತಿ ಹೇಳಿತು. 1921ರಲ್ಲಿ ಆದೇಶವೂ ಆಯಿತು. ವಿಶ್ವೇಶ್ವರಯ್ಯನವರಿಗೆ ಇದು ಹಿಡಿಸಲಿಲ್ಲ. ದಕ್ಷತೆ ಕೆಡುತ್ತದೆ ಎಂಬುದು ಅವರ ವಾದ, 1918ರ ಕೊನೆಯಲ್ಲಿ ಅವರು ಅಧಿಕಾರ ಬಿಡಲು ಇದೂ ಒಂದು ಕಾರಣ. ಕಾಲೇಜು ಕಟ್ಟಿಕೊಟ್ಟವರ ಋಣ ನಮ್ಮ ಮೇಲಿದೆ. ಆ ಕಾಲೇಜಿನ ಬೆಂಚಿನಲ್ಲಿ ಕೂರಲು ನಮ್ಮ ಹಿರಿಯರಿಗೆ ಜಾಗ ಕೊಡಿಸಿದ ಮಿಲ್ಲರ್ ವರದಿಯ ಋಣವೂ ಇದೆ. ಇವೆರಡರಲ್ಲಿ ಒಂದನ್ನು ಮಾತ್ರ ನಾವು ಪ್ರತಿ ಸೆಪ್ಟೆಂಬರ್ 15ರಂದು ನೆನೆಯುತ್ತೇವೆ.

ವಿಜ್ಞಾನ ಓದಿದರೆ ಕೆಲಸ ಸಿಗುತ್ತದೆ ಎಂಬುದು ಚನ್ನಗಿರಿ ಸೀಮೆಯ ಕಣ್ಣಿಗೆ ಮೊದಲು ಬಿದ್ದದ್ದು ಭದ್ರಾವತಿಯಲ್ಲಿ. ಅಲ್ಲಿನ ಕಬ್ಬಿಣದ ಕಾರ್ಖಾನೆಯ ಪೂರ್ತಿ ಹೆಸರು ‘ಮೈಸೂರು ವುಡ್ ಡಿಸ್ಟಿಲೇಶನ್ ಅಂಡ್ ಐರನ್ ವರ್ಕ್ಸ್’ ಎಂದಿತ್ತು. ಅಂದರೆ ಮರದ ಬಟ್ಟಿ ಇಳಿಸುವಿಕೆ ಮೊದಲು, ಕಬ್ಬಿಣ ಆಮೇಲೆ. ಕಲ್ಲಿದ್ದಲು ಸಿಗದ ಈ ಪ್ರದೇಶದಲ್ಲಿ ಮಲೆನಾಡಿನ ಸೌದೆಯನ್ನು ಮುಚ್ಚಿದ ಒಲೆಯಲ್ಲಿ ಕಾಯಿಸಿ ಇದ್ದಿಲು ಮಾಡುತ್ತಿದ್ದರು. ಹೊಗೆಯನ್ನು ತಣಿಸಿ ಮೀಥೈಲ್ ಆಲ್ಕೊಹಾಲು, ಸುಣ್ಣದ ಅಸಿಟೇಟು, ಟಾರು ತೆಗೆಯುತ್ತಿದ್ದರು. ಕೆಮ್ಮಣ್ಣುಗುಂಡಿಯ ಅದಿರು, ಕಾಡಿನ ಇದ್ದಿಲು ಸೇರಿ 1923ರ ಜನವರಿಯಲ್ಲಿ ಕಬ್ಬಿಣ ಹರಿಯಿತು. ಮೊದಲಿಗೆ ಇಡೀ ಕಾರ್ಖಾನೆ ಅಮೆರಿಕದ ಎಂಜಿನಿಯರುಗಳ ಕೈಯಲ್ಲಿತ್ತು. ನಷ್ಟದಲ್ಲಿ ಮುಳುಗುತ್ತಿದ್ದ ಕಾರ್ಖಾನೆಯ ಮಂಡಳಿಗೆ ಅಧ್ಯಕ್ಷರಾಗಿ ಬಂದ ವಿಶ್ವೇಶ್ವರಯ್ಯ ಹೊರಗಿನವರನ್ನು ಕ್ರಮೇಣ ಕಳಿಸಿ ಇಲ್ಲಿನವರನ್ನೇ ತರಬೇತು ಮಾಡಿ ನೇಮಿಸಿದರು. ಆ ಕೆಲಸಕ್ಕೆ ತಮಗೆ ಸಲ್ಲಬೇಕಾದ ಸಂಭಾವನೆಯನ್ನು ಅವರು ತೆಗೆದುಕೊಳ್ಳದೆ, ಕುಶಲ ವೃತ್ತಿಗಳನ್ನು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಹುಟ್ಟಿದ್ದು ಹಾಗೆ.

ಭದ್ರಾವತಿ ಚನ್ನಗಿರಿಯ ಜನರಿಗೆ ಕಲಿಸಿದ್ದು ಏನು? ಮೀಟರು ನೋಡಲು ಬಂದರೆ ಒಂದು ಸಂಬಳ, ಅದಿರಿನಲ್ಲಿ ಕಬ್ಬಿಣ ಎಷ್ಟಿದೆ ಎಂದು ಪ್ರಯೋಗಾಲಯದಲ್ಲಿ ಅಳೆಯಲು ಬಂದರೆ ಇನ್ನೊಂದು ಸಂಬಳ, ಒಲೆಗೆ ಸೌದೆ ಹಾಕಲು ಮಾತ್ರ ಬಂದರೆ ಮತ್ತೊಂದು. ಅದಕ್ಕಿಂತ ಸ್ಪಷ್ಟ ಪಾಠ ಬೇರೆ ಬೇಕಿರಲಿಲ್ಲ. 1930ರ ದಶಕದಲ್ಲಿ ಅದೇ ಊರಿಗೆ ಕಾಗದದ ಕಾರ್ಖಾನೆಯೂ ಬಂತು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಲೇತು ಯಂತ್ರಗಳನ್ನು ತಯಾರಿಸತೊಡಗಿತು. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳ ಸೈರನ್ನು ಊರಿನ ಗಡಿಯಾರವಾಯಿತು. ಡಿಪ್ಲೊಮಾ ಅಥವಾ ಐಟಿಐ ಮಾಡಿಕೊಂಡರೆ ಈ ಮೂರು ಊರುಗಳಲ್ಲಿ ಒಂದರಲ್ಲಿ ಬದುಕು ಕಟ್ಟಿಕೊಳ್ಳಬಹುದು ಎಂಬುದು ಎರಡು ತಲೆಮಾರುಗಳ ನಂಬಿಕೆಯಾಗಿತ್ತು. ನಂಬಿಕೆ ಸುಳ್ಳಾಗಿರಲಿಲ್ಲ, ಅದಕ್ಕೆ ಅವಧಿಯಿತ್ತು ಅಷ್ಟೆ. ಗಿರಣಿಗಳು ಒಂದೊಂದಾಗಿ ನಿಂತವು. ಹರಿಹರದ ಕಿರ್ಲೋಸ್ಕರ್ 2000ದ ಆಸುಪಾಸಿನಲ್ಲಿ ಬಾಗಿಲು ಹಾಕಿತು. ಭದ್ರಾವತಿಯ ಕಾಗದದ ಕಾರ್ಖಾನೆಯ ಉತ್ಪಾದನೆ 2015ರ ಹೊತ್ತಿಗೆ ನಿಂತಿತು. ಕಬ್ಬಿಣದ ಕಾರ್ಖಾನೆ 1998ರಲ್ಲಿ ಸೈಲ್ ಸಂಸ್ಥೆಯಲ್ಲಿ ವಿಲೀನವಾಗಿ, 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರವೇ ಪ್ರಕಟವಾಯಿತು. ಕಾರ್ಮಿಕರ ಹೋರಾಟದ ನಂತರ ಪುನಶ್ಚೇತನದ ಮಾತು ನಡೆಯಿತಾದರೂ ಮಗನನ್ನು ಅಲ್ಲಿಗೆ ಸೇರಿಸಲೆಂದು ಇಂದು ಯಾರೂ ಲೋಹಶಾಸ್ತ್ರ ಓದಿಸುತ್ತಿಲ್ಲ.

ಮುಸ್ಲಿಮರು ಈ ಚಿತ್ರದಲ್ಲಿ ಎಲ್ಲಿದ್ದರು? ಕಾರ್ಖಾನೆಯ ಒಳಗೂ ಇದ್ದರು, ಹೊರಗೂ ಇದ್ದರು, ಹೊರಗೆ ಹೆಚ್ಚು. ಲಾರಿ, ಬಸ್ಸು, ಎಂಜಿನ್ ರಿಪೇರಿ, ವೆಲ್ಡಿಂಗು, ಪಂಪ್‌ಸೆಟ್ಟು ಇವೆಲ್ಲ ನಮ್ಮವರ ಕೈಗೆ ಬಂದ ಕಸುಬುಗಳು. ಡೀಸೆಲ್ ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳಬಲ್ಲ ಮಿಸ್ತ್ರಿಗಳು ಹೊನ್ನಾಳಿ, ನ್ಯಾಮತಿಯ ಗ್ಯಾರೇಜುಗಳಲ್ಲಿ ಇಂದಿಗೂ ಇದ್ದಾರೆ. ಯಂತ್ರದ ಬುದ್ಧಿ ಇಲ್ಲದ ಜನ ಇವರಲ್ಲ. ಆ ಬುದ್ಧಿಗೆ ಒಂದು ಪ್ರಮಾಣಪತ್ರ ಸಿಗಲಿಲ್ಲ, ಪ್ರಮಾಣಪತ್ರ ಇಲ್ಲದ್ದರಿಂದ ಬಡ್ತಿಯೂ ಇಲ್ಲ, ಪಿಂಚಣಿಯೂ ಇಲ್ಲ.

ಸಮುದಾಯಕ್ಕೆ ಮುಂದಾಳುಗಳಿರಲಿಲ್ಲ ಎಂದೂ ಹೇಳುವಂತಿಲ್ಲ. ಜಗಳೂರಿನ ಜೆ. ಮಹಮ್ಮದ್ ಇಮಾಂ ಅವರನ್ನು ಚಿತ್ರದುರ್ಗ ಕ್ಷೇತ್ರದ ಮತದಾರರು 1957ರಲ್ಲೂ 1967ರಲ್ಲೂ ಲೋಕಸಭೆಗೆ ಕಳಿಸಿದರು. ಮುಸ್ಲಿಂ ಮತದಾರರು ಅಲ್ಪಸಂಖ್ಯಾತರಾಗಿದ್ದ ಕ್ಷೇತ್ರ ಅದು. ಓದಿದ ಮನುಷ್ಯನಿಗೆ ಬಯಲುಸೀಮೆಯ ಜನ ಜಾತಿ ಧರ್ಮ ನೋಡದೆ ಮರ್ಯಾದೆ ಕೊಟ್ಟರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆದರೆ ಅಂದಿನ ಓದು ಎಂದರೆ ಮುಖ್ಯವಾಗಿ ಕಾನೂನು, ಕಲೆ. ವಿಜ್ಞಾನದ ಓದಿಗೆ ಪ್ರಯೋಗಾಲಯ ಬೇಕು, ಪ್ರಯೋಗಾಲಯ ಇದ್ದ ಕಾಲೇಜು ತಾಲೂಕಿನಿಂದ ದೂರ. ಶಿವಮೊಗ್ಗದಲ್ಲಿ ಇಂಟರ್‌ಮೀಡಿಯೆಟ್ ಕಾಲೇಜಾಗಿ ಆರಂಭವಾಗಿ ಮುಂದೆ ಸಹ್ಯಾದ್ರಿ ಕಾಲೇಜು ಎನಿಸಿಕೊಂಡ ಸಂಸ್ಥೆಗೆ ಹೋಗಲು ಹೊನ್ನಾಳಿಯ ಹುಡುಗ ಕೋಣೆ ಬಾಡಿಗೆ ಹಿಡಿಯಬೇಕಿತ್ತು. ದಾವಣಗೆರೆಯಲ್ಲಿ 1951ರಲ್ಲಿ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು ಸ್ಥಾಪನೆಯಾದಾಗ ಹಳೆ ಮೈಸೂರಿನಲ್ಲಿ ಬೆಂಗಳೂರು, ಮೈಸೂರು ಬಿಟ್ಟು ಬೇರೆ ಊರಿಗೆ ಅಂಥದೊಂದು ಕಾಲೇಜು ಬಂದದ್ದು ಅದೇ ಮೊದಲು. ಒಬ್ಬ ವ್ಯಾಪಾರಿ ಕುಟುಂಬದ ದಾನದಿಂದ ಎದ್ದ ಕಾಲೇಜು ಅದು. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಬಂತು. ನಮ್ಮ ಸಮುದಾಯದಲ್ಲಿ ದಾನಿಗಳಿರಲಿಲ್ಲವೇ? ಇದ್ದರು. ಮಸೀದಿಗೆ, ಶಾದಿಮಹಲಿಗೆ ಕೊಟ್ಟರು, ಅದು ತಪ್ಪಲ್ಲ. ಆದರೆ ಒಂದು ವಿದ್ಯಾರ್ಥಿನಿಲಯಕ್ಕೆ ಕೊಟ್ಟಿದ್ದರೆ ಎಷ್ಟು ಹುಡುಗರು ಆ ಕೋಣೆ ಬಾಡಿಗೆಯಿಂದ ಉಳಿಯುತ್ತಿದ್ದರು ಎಂದು ಯಾರೂ ಲೆಕ್ಕ ಹಾಕಲಿಲ್ಲ.

ಲೆಕ್ಕ ಹಾಕಿದವರು ಬೇರೆ ಊರುಗಳಲ್ಲಿದ್ದರು. ಶಸ್ತ್ರವೈದ್ಯರಾಗಿದ್ದ ಡಾ. ಮುಮ್ತಾಜ್ ಅಹಮದ್ ಖಾನ್ 1966ರಲ್ಲಿ ಬೆಂಗಳೂರಿನಲ್ಲಿ ಅಲ್ ಅಮೀನ್ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. 1984ರಲ್ಲಿ ವಿಜಯಪುರದಲ್ಲಿ ಅದರ ವೈದ್ಯಕೀಯ ಕಾಲೇಜು ತೆರೆಯಿತು. ಭಟ್ಕಳದ ಅಂಜುಮನ್ 1980ರಲ್ಲೇ ಎಂಜಿನಿಯರಿಂಗ್ ಕಾಲೇಜು ಕಟ್ಟಿತು. ದೊಡ್ಡ ಕೆಲಸಗಳು, ಸಂದೇಹವಿಲ್ಲ. ಆದರೆ ನಕಾಶೆ ತೆಗೆದು ನೋಡಿ: ಬೆಂಗಳೂರು, ಕರಾವಳಿ, ವಿಜಯಪುರ, ಕಲಬುರಗಿ. ನಡುವಿನ ಈ ತಾಲೂಕುಗಳು ಖಾಲಿ.

ಈ ನಡುವೆ ನೀರು ಬಂತು. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು 1960ರ ದಶಕದಲ್ಲಿ ಪೂರ್ಣಗೊಂಡು ನಾಲೆಗಳು ಚನ್ನಗಿರಿ, ಹೊನ್ನಾಳಿ ಸೀಮೆಗೆ ಹರಿದವು. ಭತ್ತ, ಕಬ್ಬು, ಆಮೇಲೆ ಅಡಿಕೆ. ನಾಲೆಯ ನೀರಿಗೂ ಎಂಜಿನಿಯರಿಂಗ್ ಸೀಟಿಗೂ ಏನು ಸಂಬಂಧ ಎಂದು ಕೇಳಬೇಡಿ, ನೇರ ಸಂಬಂಧವೇ ಇದೆ. ದಾವಣಗೆರೆಯಲ್ಲಿ 1979ರಲ್ಲಿ ಬಾಪೂಜಿ ಸಂಸ್ಥೆಯ ಬಿ.ಐ.ಇ.ಟಿ., ಶಿವಮೊಗ್ಗದಲ್ಲಿ 1980ರಲ್ಲಿ ಜೆ.ಎನ್.ಎನ್.ಸಿ.ಇ. ಆರಂಭವಾದವು. ಖಾಸಗಿ ಕಾಲೇಜುಗಳ ಯುಗ ಅದು. ರಾಜ್ಯದಾದ್ಯಂತ ಕ್ಯಾಪಿಟೇಶನ್ ಎಂಬ ಇಂಗ್ಲಿಷ್ ಪದ ಹಳ್ಳಿಯ ರೈತನ ಬಾಯಲ್ಲೂ ಸರಾಗವಾಯಿತು. 1984ರಲ್ಲಿ ಅದನ್ನು ನಿಷೇಧಿಸುವ ಕಾಯ್ದೆಯೂ ಬಂತು, ನಿಷೇಧದ ನಂತರವೂ ಅದು ಬೇರೆ ಬೇರೆ ಹೆಸರಿನಲ್ಲಿ ಬದುಕಿತು. ನಾಲೆಯಂಚಿನ ಜಮೀನಿದ್ದವನು ಸೀಟು ಕೊಳ್ಳಬಲ್ಲವನಾದ. ಜಗಳೂರಿಗೆ ನಾಲೆ ಬರಲಿಲ್ಲ. ಶೇಂಗಾ, ಜೋಳ, ಆಮೇಲೆ ಮೆಕ್ಕೆಜೋಳ, ಸೋತು ಹೋದ ಕೊಳವೆಬಾವಿ. ಭದ್ರಾ ಮೇಲ್ದಂಡೆಯ ನೀರಿಗಾಗಿ ಆ ತಾಲೂಕು ವರ್ಷಗಟ್ಟಲೆ ಕಾದಿದೆ. ಅಲ್ಲಿನ ಬುದ್ಧಿವಂತ ಹುಡುಗ ಟಿ.ಸಿ.ಎಚ್. ಮಾಡಿ ಶಾಲಾ ಮಾಸ್ತರನಾದ, ಹುಡುಗಿ ನರ್ಸಿಂಗಿಗೆ ಹೋದಳು. ಬುದ್ಧಿ ಎರಡೂ ಕಡೆ ಒಂದೇ, ನೀರು ಮಾತ್ರ ಬೇರೆ.

ಸೀಟಿನ ವ್ಯಾಪಾರಕ್ಕೆ ತಡೆ ಬಂದದ್ದು ನ್ಯಾಯಾಲಯದಿಂದ. ಕರ್ನಾಟಕದ ಕಾಲೇಜೊಂದರಲ್ಲಿ ಸೀಟು ಕೇಳಿದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿಯ ಪ್ರಕರಣದಲ್ಲಿ 1992ರಲ್ಲಿ, ಉನ್ನಿಕೃಷ್ಣನ್ ಪ್ರಕರಣದಲ್ಲಿ 1993ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪುಗಳ ಫಲವಾಗಿ 1994ರಲ್ಲಿ ಸಿಇಟಿ ಘಟಕ ಹುಟ್ಟಿತು. ನಮ್ಮ ಮಟ್ಟಿಗೆ ಈ ನೂರು ವರ್ಷಗಳಲ್ಲಿ 1917ರಷ್ಟೇ ಮುಖ್ಯವಾದ ವರ್ಷ 1994. ಗ್ಯಾರೇಜು ಮಿಸ್ತ್ರಿಯ ಮಗ ಯಾರ ಶಿಫಾರಸೂ ಇಲ್ಲದೆ, ರ್‍ಯಾಂಕ್ ಹಾಳೆ ಹಿಡಿದು ಬೆಂಗಳೂರಿಗೆ ಹೋಗಿ ಕೌನ್ಸೆಲಿಂಗಿನಲ್ಲಿ ಕುಳಿತು ತನಗೆ ಬೇಕಾದ ಕಾಲೇಜನ್ನು ತಾನೇ ಹೆಸರಿಸುವುದು ಅದಕ್ಕೆ ಮೊದಲು ಕನಸಾಗಿತ್ತು. 2002ರ ಟಿ.ಎಂ.ಎ. ಪೈ ತೀರ್ಪಿನ ನಂತರ ಖಾಸಗಿ ಕಾಲೇಜುಗಳ ಪಾಲು ಮತ್ತೆ ಹೆಚ್ಚಾಯಿತು ನಿಜ, ಆದರೆ ಸಿಇಟಿ ಸೀಟು ಎಂಬುದು ಉಳಿಯಿತು.

ಸಿಇಟಿ ಬಂದ ಹೊತ್ತಿಗೇ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬೆಳೆಯುತ್ತಿತ್ತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬಂದಿತ್ತು, 1990ರ ದಶಕದ ಕೊನೆಗೆ ವೈಟೂಕೆ ಎಂಬ ತೊಂದರೆಯನ್ನು ಸರಿಪಡಿಸಲು ಜಗತ್ತಿಗೆಲ್ಲ ಪ್ರೋಗ್ರಾಮರುಗಳು ಬೇಕಾದರು. ಹೊನ್ನಾಳಿಯ ಹುಡುಗ ಅಮೆರಿಕಕ್ಕೆ ಹೋದ ಸುದ್ದಿ ನ್ಯಾಮತಿಯ ಸಂತೆಯಲ್ಲಿ ಮಾತಾಯಿತು. ಎಲ್ಲರೂ ಕಂಪ್ಯೂಟರ್ ಸೈನ್ಸ್ ಕೇಳಿದರು. 2001ರ ಹೊತ್ತಿಗೆ ಡಾಟ್‌ಕಾಂ ಗುಳ್ಳೆ ಒಡೆಯಿತು. ಆ ವರ್ಷ ಪದವಿ ಮುಗಿಸಿದವರು ನೇಮಕಾತಿ ಪತ್ರ ಕೈಯಲ್ಲಿ ಹಿಡಿದು ತಿಂಗಳುಗಟ್ಟಲೆ ಮನೆಯಲ್ಲಿ ಕೂತರು. ಅವರನ್ನು ನೋಡಿದ ತಮ್ಮಂದಿರು ಸಿವಿಲ್, ಮೆಕ್ಯಾನಿಕಲ್ ತೆಗೆದುಕೊಂಡರು. ಅವರು ಓದು ಮುಗಿಸುವ ಹೊತ್ತಿಗೆ ಸಾಫ್ಟ್‌ವೇರ್ ಮತ್ತೆ ಚಿಗುರಿತ್ತು. 2008ರಲ್ಲಿ ಮತ್ತೆ ಕುಸಿತ. ಹೀಗೆ ಅಣ್ಣನ ಅನುಭವವೇ ತಮ್ಮನ ದಿಕ್ಕಾಯಿತು, ಮತ್ತು ಪ್ರತಿ ಸಲವೂ ನಾಲ್ಕು ವರ್ಷ ತಡವಾಯಿತು. ಪದವಿಗೆ ನಾಲ್ಕು ವರ್ಷ ಬೇಕು, ಮಾರುಕಟ್ಟೆ ಬದಲಾಗಲು ಅಷ್ಟು ಬೇಡ ಎಂಬ ಸರಳ ಗಣಿತ ಇದು.

ಮುಸ್ಲಿಂ ವಿದ್ಯಾರ್ಥಿಗಳ ಪಾಲೆಷ್ಟು ಎಂಬುದು ದೇಶಕ್ಕೆ ಗೊತ್ತಾದದ್ದು 2006ರ ನವೆಂಬರಿನಲ್ಲಿ, ಸಾಚಾರ್ ಸಮಿತಿಯ ವರದಿಯಿಂದ. ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ಓದುವ 25 ಮಂದಿಯಲ್ಲಿ ಒಬ್ಬ, ಸ್ನಾತಕೋತ್ತರದಲ್ಲಿ 50 ಮಂದಿಯಲ್ಲಿ ಒಬ್ಬ ಮಾತ್ರ ಮುಸ್ಲಿಂ ಎಂದು ಅದು ಹೇಳಿತು. ಕರ್ನಾಟಕದ ಸ್ಥಿತಿ ಸ್ವಲ್ಪ ಭಿನ್ನವಾಗಲು 2ಬಿ ಪ್ರವರ್ಗದ ಶೇ. 4 ಮೀಸಲಾತಿ ಕಾರಣ. ಮಿಲ್ಲರ್ ವರದಿಯಿಂದ ಹಾವನೂರು ಆಯೋಗ, ಚಿನ್ನಪ್ಪ ರೆಡ್ಡಿ ಆಯೋಗದ ದಾರಿಯಾಗಿ 1990ರ ದಶಕದ ನಡುವೆ ಬಂದ ವ್ಯವಸ್ಥೆ ಅದು. 2023ರ ಮಾರ್ಚಿನಲ್ಲಿ ಅಂದಿನ ಸರ್ಕಾರ ಅದನ್ನು ರದ್ದು ಮಾಡಿ ಬೇರೆಯವರಿಗೆ ಹಂಚಿತು; ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಜಾರಿ ನಿಂತಿತು, 2ಬಿ ಉಳಿಯಿತು. ಶೇ. 4 ಎಂದರೆ ಸಣ್ಣ ಸಂಖ್ಯೆಯಂತೆ ಕಾಣುತ್ತದೆ. ಚನ್ನಗಿರಿಯ ಒಂದು ಬೀದಿಗೆ ಅದು ಒಬ್ಬ ಎಂಜಿನಿಯರ್, ಇನ್ನೊಂದು ಬೀದಿಗೆ ಒಬ್ಬ ಫಾರ್ಮಸಿಸ್ಟ್.

ಇಲ್ಲಿ ಕೆಲವು ಸಂಗತಿಗಳನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅರ್ಜಿ ತುಂಬುವಾಗಲೇ ನಮ್ಮವರು ಸೋಲುತ್ತಾರೆ. ಮಧ್ಯ ಕರ್ನಾಟಕದ ಹಳ್ಳಿಗಳಲ್ಲಿ ಪಿಂಜಾರ, ನದಾಫ್ ಕುಟುಂಬಗಳು ಬಹಳ. ಹತ್ತಿ ಹಿಂಜುತ್ತಿದ್ದ ಜನ, ಮನೆಮಾತು ಹಲವರದು ಕನ್ನಡವೇ. ಇವರು ಪ್ರವರ್ಗ 1ರಲ್ಲಿ ಬರುತ್ತಾರೆ, ಅಲ್ಲಿ ಕೆನೆಪದರದ ಆದಾಯ ಮಿತಿ ಇಲ್ಲ. ಆದರೂ ಶಾಲೆಗೆ ಸೇರಿಸುವ ದಿನ ಮಾಸ್ತರರು ‘ಮುಸ್ಲಿಂ’ ಎಂದಷ್ಟೇ ಬರೆದುಕೊಂಡು, ಹನ್ನೆರಡು ವರ್ಷದ ನಂತರ ಜಾತಿ ಪ್ರಮಾಣಪತ್ರಕ್ಕೆ ತಾಲೂಕು ಕಚೇರಿ ಅಲೆಯುವ ಕುಟುಂಬಗಳನ್ನು ನಾವು ಕಂಡಿದ್ದೇವೆ. ಹಾಗೆಯೇ ಸಿಇಟಿಯಲ್ಲಿ ಗ್ರಾಮೀಣ ಮೀಸಲು ಶೇ. 15, ಕನ್ನಡ ಮಾಧ್ಯಮದ ಮೀಸಲು ಶೇ. 5, ಎರಡಕ್ಕೂ ಒಂದರಿಂದ ಹತ್ತನೆಯ ತರಗತಿಯ ಓದು ಲೆಕ್ಕ. ತಾಲೂಕು ಕೇಂದ್ರದ ಪಟ್ಟಣದಲ್ಲಿ ಉರ್ದು ಶಾಲೆಯಲ್ಲಿ ಓದಿದ ಮಗುವಿಗೆ ಈ ಎರಡರಲ್ಲಿ ಒಂದೂ ಸಿಗುವುದಿಲ್ಲ. ಉರ್ದು ಬಿಡಿ ಎಂದು ನಾವು ಹೇಳುತ್ತಿಲ್ಲ. ಮಗುವನ್ನು ಒಂದನೇ ತರಗತಿಗೆ ಸೇರಿಸುವ ದಿನವೇ ಕಾಲೇಜಿನ ಒಂದು ಬಾಗಿಲು ತೆರೆಯುತ್ತದೆ ಅಥವಾ ಮುಚ್ಚುತ್ತದೆ ಎಂಬುದು ತಂದೆತಾಯಿಗೆ ಗೊತ್ತಿರಬೇಕು ಎನ್ನುತ್ತಿದ್ದೇವೆ.

ಹೆಣ್ಣುಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದ ಹುಡುಗಿ ವಿಜ್ಞಾನ ಕೇಳಿದರೆ, ಲ್ಯಾಬು ಮುಗಿಸಿ ಸಂಜೆ ಯಾವ ಬಸ್ಸಿಗೆ ಬರುತ್ತಾಳೆ ಎಂಬ ಪ್ರಶ್ನೆ ಮನೆಯಲ್ಲಿ ಏಳುತ್ತದೆ. ಈ ಪ್ರಶ್ನೆಯನ್ನು ದಾಟಿ ಬಂದವರ ಮುಂದೆ 2022ರಲ್ಲಿ ಇನ್ನೊಂದು ಗೋಡೆ ಎದ್ದಿತು. ಆ ವರ್ಷ ಫೆಬ್ರವರಿ 5ರ ಸಮವಸ್ತ್ರದ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು ಬಂದದ್ದು ಸರಿಯಾಗಿ ಪಿಯುಸಿ ವಿಜ್ಞಾನದ ಪ್ರಾಯೋಗಿಕ ಪರೀಕ್ಷೆಗಳ ಹೊತ್ತಿಗೆ. ಸ್ಕಾರ್ಫ್ ತೆಗೆಯಲು ಒಪ್ಪದೆ ರಾಜ್ಯದ ಕೆಲವು ಕಾಲೇಜುಗಳಲ್ಲಿ ಹುಡುಗಿಯರು ಪ್ರಯೋಗದ ಅಂಕಗಳನ್ನೇ ಕಳೆದುಕೊಂಡರು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅಕ್ಟೋಬರಿನಲ್ಲಿ ಭಿನ್ನ ತೀರ್ಪು ಕೊಟ್ಟರು. ಭಿನ್ನ ತೀರ್ಪಿಗೆ ಕಾಯಬಹುದು, ಪರೀಕ್ಷೆಯ ವೇಳಾಪಟ್ಟಿ ಕಾಯುವುದಿಲ್ಲ.

ಭಾಷೆಯ ತೊಡಕನ್ನೂ ಮರೆಯಲಾಗದು. ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಸೇರಿ 1918ರ ಹೊತ್ತಿನಲ್ಲೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ನಡೆಸಿದರು. ಅದು ಎರಡು ವರ್ಷ ಬದುಕಿತು. ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ ಕನ್ನಡದಲ್ಲಿ ಉನ್ನತ ಶಿಕ್ಷಣಕ್ಕೆ ದಾರಿ ಮಾಡಿದರು. ಆದರೂ ಪಿಯುಸಿ ವಿಜ್ಞಾನ ಇಂಗ್ಲಿಷಿನಲ್ಲೇ ಉಳಿಯಿತು. ಕನ್ನಡದಲ್ಲೋ ಉರ್ದುವಿನಲ್ಲೋ ಹತ್ತು ವರ್ಷ ಓದಿದ ಮಗು ಹನ್ನೊಂದನೆಯ ವರ್ಷ ಭೌತಶಾಸ್ತ್ರವನ್ನೂ ಇಂಗ್ಲಿಷನ್ನೂ ಒಟ್ಟಿಗೆ ಕಲಿಯಬೇಕು. ಮೊದಲ ಕಿರುಪರೀಕ್ಷೆಯಲ್ಲಿ ಫೇಲಾಗಿ ಕಲೆ ಅಥವಾ ವಾಣಿಜ್ಯಕ್ಕೆ ಓಡಿಹೋಗುವವರಲ್ಲಿ ಎಷ್ಟು ಜನ ಭೌತಶಾಸ್ತ್ರದಲ್ಲಿ ಸೋತವರು, ಎಷ್ಟು ಜನ ಇಂಗ್ಲಿಷಿನಲ್ಲಿ? ಎಂಜಿನಿಯರಿಂಗನ್ನು ಕನ್ನಡದಲ್ಲಿ ಕಲಿಸಲು 2021ರಲ್ಲಿ ಕೆಲವು ಕಾಲೇಜುಗಳಿಗೆ ಅನುಮತಿ ಸಿಕ್ಕಾಗ ಸೇರಿದವರು ತೀರ ಕಡಿಮೆ. ಅವರನ್ನು ದೂಷಿಸಲಾಗದು, ಕೆಲಸ ಕೊಡುವವನು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಾನೆಂದು ಅವರಿಗೂ ಗೊತ್ತು.

ಈ ಎಲ್ಲ ಗದ್ದಲದಲ್ಲಿ ಬಡವಾದದ್ದು ಬಿ.ಎಸ್ಸಿ. ಎಂಜಿನಿಯರಿಂಗ್, ಮೆಡಿಕಲ್ ಸಿಗದವರ ಆಶ್ರಯ ಎಂದು ಅದರ ಹೆಸರು ಕೆಟ್ಟಿದೆ. 2021ರಲ್ಲಿ ನಾಲ್ಕು ವರ್ಷದ ಪದವಿ ಎಂದರು, 2024ರಲ್ಲಿ ಮತ್ತೆ ಮೂರು ವರ್ಷ ಎಂದರು. ನಡುವಿನ ಮಕ್ಕಳಿಗೆ ತಾವು ಯಾವ ದೋಣಿಯಲ್ಲಿದ್ದೇವೆಂದೇ ತಿಳಿಯಲಿಲ್ಲ. ಆದರೂ ಬಿ.ಎಸ್ಸಿ. ಬೇಡ ಎನ್ನುವ ಮೊದಲು ಅಬ್ದುಲ್ ಕಲಾಂ ಅವರನ್ನು ನೆನೆಯಬೇಕು. ಅವರು 1954ರಲ್ಲಿ ತಿರುಚಿರಾಪಳ್ಳಿಯಲ್ಲಿ ಭೌತಶಾಸ್ತ್ರದ ಬಿ.ಎಸ್ಸಿ. ಮುಗಿಸಿದ ಮೇಲೆ, ತಮಗೆ ಬೇಕಿದ್ದುದು ಎಂಜಿನಿಯರಿಂಗ್ ಎಂದು ಅರಿತರು. ಮದ್ರಾಸಿನ ಎಂ.ಐ.ಟಿ.ಯ ಪ್ರವೇಶ ಶುಲ್ಕಕ್ಕೆ ಅಕ್ಕ ಝೊಹ್ರಾ ಚಿನ್ನದ ಬಳೆ, ಸರ ಅಡವಿಟ್ಟರು. ಈ ಕಥೆಯಲ್ಲಿ ನಮ್ಮ ಸಭೆಗಳು ಕ್ಷಿಪಣಿಯನ್ನು ಮಾತ್ರ ನೆನಪಿಡುತ್ತವೆ. ತಪ್ಪು ಆಯ್ಕೆ ಮಾಡಿದೆನೇನೋ ಎಂಬ ಇಪ್ಪತ್ತರ ಹುಡುಗನ ಕಳವಳವನ್ನೂ ನೆನಪಿಟ್ಟರೆ ಹೊನ್ನಾಳಿಯ ಹುಡುಗನಿಗೆ ಹೆಚ್ಚು ಉಪಯೋಗ. ಮತ್ತೆ ಆ ಬಳೆಗಳನ್ನು.

ನಮ್ಮ ವೇದಿಕೆಗಳಲ್ಲಿ ಅಲ್ ಖ್ವಾರಿಝ್ಮಿ, ಇಬ್ನುಲ್ ಹೈಸಂ ಹೆಸರುಗಳು ಚಪ್ಪಾಳೆಗಾಗಿ ಬರುತ್ತವೆ. ಅವರ ಬದುಕನ್ನು ನೋಡಿದರೆ ಅವರೂ ಈ ಪ್ರಶ್ನೆಯನ್ನೇ ಎದುರಿಸಿದವರು. ಖ್ವಾರಿಝ್ಮಿಯ ಬೀಜಗಣಿತದ ಗ್ರಂಥದಲ್ಲಿ ಆಸ್ತಿ ಹಂಚಿಕೆ, ವ್ಯಾಪಾರ, ಜಮೀನು ಅಳತೆಯ ಲೆಕ್ಕಗಳಿವೆ. ಇಬ್ನುಲ್ ಹೈಸಂ ನೈಲ್ ನದಿಯ ನೆರೆಯನ್ನು ಹತೋಟಿಗೆ ತರುತ್ತೇನೆಂದು ಈಜಿಪ್ಟಿನ ದೊರೆಯ ಬಳಿ ಕೆಲಸಕ್ಕೆ ಹೋಗಿ, ಸ್ಥಳ ನೋಡಿ ಅದು ಆಗದ ಕೆಲಸವೆಂದು ತಿಳಿದು, ದೊರೆಯ ಕೋಪಕ್ಕೆ ಹೆದರಿ ಹುಚ್ಚನಂತೆ ನಟಿಸಿದ ಎಂದು ಹಳೆಯ ಜೀವನಚರಿತ್ರೆಕಾರರು ಬರೆದಿದ್ದಾರೆ. ಹಾಗೆ ಮನೆಯಲ್ಲಿ ಬಂಧಿಯಾಗಿದ್ದ ಕಾಲದಲ್ಲಿ ಅವನು ಬೆಳಕಿನ ಶಾಸ್ತ್ರದ ಕೆಲಸ ಮಾಡಿದ ಎಂಬ ಮಾತೂ ಇದೆ. ನೀರಾವರಿ ಎಂಜಿನಿಯರ್ ಆಗಿ ಸೋತವನು ದೃಗ್ವಿಜ್ಞಾನದ ಪಿತಾಮಹನಾದ. ಭದ್ರಾ ನಾಲೆಯ ದಡದಲ್ಲಿ ಕೂತು ಈ ಕಥೆ ಓದಿದರೆ ಬೇರೆಯೇ ರುಚಿ.

ಊರಿನ ಕೆಲಸಗಳತ್ತ ನಮ್ಮ ಕಣ್ಣು ಹೋಗದಿರುವುದು ಇನ್ನೊಂದು ಸೋಜಿಗ. ಚನ್ನಗಿರಿಯ ಶಾಲೆ, ಸೀಟು, ಮದುವೆ ಎಲ್ಲ ನಿಂತಿರುವುದು ಅಡಿಕೆಯ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2003ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಅಂದಿನಿಂದ ಬೆಳೆಗಾರರ ಸಭೆಗಳಲ್ಲಿ ಇದರ ಚರ್ಚೆ ನಿಂತಿಲ್ಲ. ಅಡಿಕೆಯಲ್ಲಿ ಏನಿದೆ, ಬೇರೆ ಯಾವುದಕ್ಕೆ ಬಳಸಬಹುದು, ಕೊಳೆರೋಗಕ್ಕೆ, ಎಲೆಚುಕ್ಕೆಗೆ ಏನು ಮದ್ದು ಎಂಬುದೆಲ್ಲ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಔಷಧ ವಿಜ್ಞಾನದ ಪ್ರಶ್ನೆಗಳು. ಇಡೀ ತಾಲೂಕಿನ ಅನ್ನದ ಪ್ರಶ್ನೆಗೆ ಉತ್ತರ ಹುಡುಕಬಲ್ಲ ಓದನ್ನು ಆ ತಾಲೂಕಿನವರೇ ‘ಕೆಲಸ ಸಿಗದ ಓದು’ ಎನ್ನುತ್ತಾರೆ. ಶಿವಮೊಗ್ಗದ ನವಿಲೆಯಲ್ಲಿ 1990ರಿಂದ ಕೃಷಿ ಕಾಲೇಜಿದೆ, ಮುಂದೆ ಅಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವೇ ಆಯಿತು. ಕೃಷಿ ಬಿ.ಎಸ್ಸಿ.ಗೆ ರೈತರ ಮಕ್ಕಳಿಗೆಂದು ಮೀಸಲು ಸೀಟುಗಳಿವೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯಿದೆ. ಜಮೀನಿರುವ ಮುಸ್ಲಿಂ ಕುಟುಂಬಗಳು ಈ ತಾಲೂಕುಗಳಲ್ಲಿ ಕಡಿಮೆಯೇನಿಲ್ಲ. ಆದರೂ ಈ ಮೀಸಲಿನ ಬಗ್ಗೆ ನಾವು ಕೇಳಿದ ಹತ್ತು ತಂದೆಯರಲ್ಲಿ ಒಂಬತ್ತು ಜನರಿಗೆ ತಿಳಿದಿರಲಿಲ್ಲ.

ಈಗ ಎಲ್ಲರ ಬಾಯಲ್ಲೂ ಕೃತಕ ಬುದ್ಧಿಮತ್ತೆ. ತಾಂತ್ರಿಕ ಶಿಕ್ಷಣ ಮಂಡಳಿ 2024-25ರಿಂದ ಸೀಟುಗಳ ಮೇಲಿನ ಮಿತಿ ಸಡಿಲಿಸಿದ ಮೇಲೆ ಬೆಂಗಳೂರಿನ ಖಾಸಗಿ ಕಾಲೇಜುಗಳು ಕಂಪ್ಯೂಟರ್ ಸಂಬಂಧಿ ವಿಭಾಗಗಳನ್ನೇ ಹಿಗ್ಗಿಸುತ್ತಿವೆ. ಸಿವಿಲ್, ಮೆಕ್ಯಾನಿಕಲ್ ವಿಭಾಗಗಳಲ್ಲಿ ಬೆಂಚುಗಳು ಖಾಲಿ. ಭದ್ರಾವತಿಯ ಚಿಮಣಿ, ಹರಿಹರದ ಲೇತು, ವೈಟೂಕೆ ಇವುಗಳ ನಂತರ ಈಗ ಇದು. ಇದು ಎಷ್ಟು ವರ್ಷ ಬಾಳುತ್ತದೆಂದು ನಾವು ಭವಿಷ್ಯ ಹೇಳುವುದಿಲ್ಲ. ಆ ಕೆಲಸವನ್ನು ಬೆಂಗಳೂರಿನ ಅಳಿಯಂದಿರು ಮಾಡುತ್ತಿದ್ದಾರೆ. ಭದ್ರಾವತಿಯ ಅನುಭವದಿಂದ ಒಂದು ಮಾತು ಮಾತ್ರ ಹೇಳಬಹುದು: ಒಂದು ಕಾರ್ಖಾನೆಯ ಒಂದು ಯಂತ್ರವನ್ನಷ್ಟೇ ಕಲಿತವರು ಆ ಯಂತ್ರದೊಂದಿಗೆ ನಿವೃತ್ತರಾದರು, ಗಣಿತ, ರಸಾಯನಶಾಸ್ತ್ರ ಗಟ್ಟಿಯಾಗಿ ಕಲಿತವರು ಬೇರೆ ಕಾರ್ಖಾನೆಗೆ, ಪ್ರಯೋಗಾಲಯಕ್ಕೆ, ಕಾಲೇಜಿಗೆ ಹೋಗಿ ಬದುಕಿದರು.

ಕೊನೆಗೆ ಜಗಳೂರಿನ ಪಕ್ಕದ ಒಂದು ಬೇಲಿಯ ವಿಷಯ. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪನೆಯಾಯಿತು. ಸರಿಯಾಗಿ ನೂರು ವರ್ಷದ ಆಸುಪಾಸಿಗೆ ಅದಕ್ಕೆ ಚಳ್ಳಕೆರೆ ತಾಲೂಕಿನ ಕುದಾಪುರದಲ್ಲಿ 1500 ಎಕರೆ ದೊರೆಯಿತು. ಚಳ್ಳಕೆರೆ ಜಗಳೂರಿನ ನೆರೆಯ ತಾಲೂಕು. ಅದೇ ಅಮೃತಮಹಲ್ ಕಾವಲಿನ ಹುಲ್ಲುಗಾವಲಿನಲ್ಲಿ ಡಿ.ಆರ್.ಡಿ.ಒ., ಇಸ್ರೊ, ಬಿ.ಎ.ಆರ್.ಸಿ.ಗಳಿಗೂ ಜಾಗ ಕೊಡಲಾಯಿತು. ತಲೆತಲಾಂತರದಿಂದ ಅಲ್ಲಿ ಕುರಿ, ದನ ಮೇಯಿಸಿದವರು ಬೇಲಿಯ ಹೊರಗುಳಿದು ಹಸಿರು ನ್ಯಾಯಮಂಡಳಿಯವರೆಗೂ ಹೋದರು. ಬೇಲಿಯೊಳಗೆ ಭಾರತೀಯ ವಿಜ್ಞಾನ ಸಂಸ್ಥೆ ಒಂದು ಪ್ರತಿಭಾ ವಿಕಸನ ಕೇಂದ್ರ ನಡೆಸುತ್ತಿದೆ. ಪ್ರೌಢಶಾಲೆ, ಪಿಯು ಕಾಲೇಜುಗಳ ವಿಜ್ಞಾನ ಉಪಾಧ್ಯಾಯರು ಅಲ್ಲಿಗೆ ಬಂದು, ಕೆಲವು ದಿನ ಉಳಿದು, ತಮ್ಮ ಶಾಲೆಯಲ್ಲಿ ಎಂದೂ ಮಾಡಿ ತೋರಿಸದ ಪ್ರಯೋಗಗಳನ್ನು ಕೈಯಾರೆ ಮಾಡಿ ಕಲಿತು ಹೋಗುತ್ತಾರೆ. ನಮ್ಮ ಉರ್ದು ಶಾಲೆಗಳ, ಸಮುದಾಯದ ಆಡಳಿತದಲ್ಲಿರುವ ಪ್ರೌಢಶಾಲೆಗಳ ವಿಜ್ಞಾನ ಶಿಕ್ಷಕರಲ್ಲಿ ಎಷ್ಟು ಜನ ಅಲ್ಲಿಗೆ ಹೋಗಿ ಬಂದಿದ್ದಾರೆ? ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಶಾಲಾ ಸಮಿತಿಗಳು ಈ ಪ್ರಶ್ನೆಯನ್ನು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಬರೆದುಕೊಳ್ಳಲಿ ಎಂದು ಕೇಳಿಕೊಳ್ಳುತ್ತೇವೆ. ಕಳಿಸಿಕೊಡಲು ಬೇಕಾದದ್ದು ಮುಖ್ಯೋಪಾಧ್ಯಾಯರ ಒಂದು ಪತ್ರ, ಒಂದು ಬಸ್ ಚಾರ್ಜು.